ಸೇತುವೆಯ ನಡುವೆ ನಿಂತ ಸಮನ್ವಯ

ಬಾಲನ್ಯಾಯ ಮಂಡಳಿಗೆ ಹೊಸದಾಗಿ ಸದಸ್ಯೆಯಾಗಿ ನೇಮಕಗೊಂಡ ಸರಸ್ವತಿ ನಗರದ ಹೆಣ್ಣುಮಗಳೊಬ್ಬಳು ಹೋದ ವಾರ ನಮ್ಮ ಮನೆಗೆ ಬಂದಿದ್ದಳು. ಕಾಯ್ದೆಯ ಪುಸ್ತಕಕ್ಕೆ ಹಳದಿ, ಗುಲಾಬಿ ಬಣ್ಣದ ಚೀಟಿಗಳನ್ನು ಅಂಟಿಸಿಕೊಂಡಿದ್ದಳು. ಯಾವ ಕಲಮನ್ನು ಮೊದಲು ಓದಿಕೊಳ್ಳಲಿ ಆಂಟಿ ಎಂದು ಕೇಳಿದಳು. ಎಲ್ಲವನ್ನೂ ಓದಮ್ಮ, ಆದರೆ ಓದಿದ್ದೀಯ ಅಂತ ಅಲ್ಲಿ ಯಾರಿಗೂ ಗೊತ್ತಾಗದ ಹಾಗೆ ನೋಡಿಕೋ ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕಳು. ಕಾಫಿ ಕುಡಿದು, ಲೋಟವನ್ನು ತಾನೇ ಅಡುಗೆಮನೆಗೆ ಒಯ್ದಿಟ್ಟು ಹೋದಳು. ಅಷ್ಟು ಒಳ್ಳೆಯ ಹುಡುಗಿಯನ್ನು ಏನೂ ಹೇಳದೆ ಅಲ್ಲಿಗೆ ಕಳಿಸುವುದು ಸರಿಯಲ್ಲ ಎನಿಸಿ ಇದನ್ನು ಬರೆಯಲು ಕೂತಿದ್ದೇನೆ.

ಹದಿನೆಂಟು ತುಂಬದ ಮಕ್ಕಳ ಮೇಲೆ ಪೊಲೀಸ್ ಕೇಸಾದರೆ ಅದು ದೊಡ್ಡವರ ಕೋರ್ಟಿಗೆ ಹೋಗುವುದಿಲ್ಲ, ಮಂಡಳಿಗೆ ಬರುತ್ತದೆ. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಅವರ ಎಡಬಲಕ್ಕೆ ನಮ್ಮಂಥ ಇಬ್ಬರು ಹೊರಗಿನವರು, ಅದರಲ್ಲಿ ಒಬ್ಬಳಾದರೂ ಹೆಂಗಸು. ನಾನು ಎರಡು ಅವಧಿ ಆ ಬಲಗಡೆಯ ಕುರ್ಚಿಯಲ್ಲಿ ಕೂತಿದ್ದೆ. ಉಳಿದಂತೆ ನಾನು ಮನೆ ನೋಡಿಕೊಂಡವಳು. ನಮ್ಮ ಮನೆಯವರದು ಕಾಳುಕಡಿಯ ವ್ಯಾಪಾರ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದಾಗ ಓಣಿಯ ಮಕ್ಕಳಿಗೆ ಸಂಜೆ ಹೊತ್ತು ವರ್ಷಗಟ್ಟಲೆ ಪಾಠ ಹೇಳಿಕೊಟ್ಟಿದ್ದೆ. ಅದನ್ನೇ ಯಾರೋ ಸಮಾಜಸೇವೆ ಎಂದು ಬರೆದು ಅರ್ಜಿ ಹಾಕಿಸಿದರು. ಸಂದರ್ಶನದಲ್ಲಿ ನಿಮಗೆ ಮಕ್ಕಳೆಂದರೆ ಪ್ರೀತಿಯೇ ಎಂದು ಕೇಳಿದರು. ಇಲ್ಲ ಎಂದವರು ಇವತ್ತಿನವರೆಗೆ ಯಾರಾದರೂ ಬಂದಿದ್ದಾರೆಯೇ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಹೌದು ಸರ್ ಎಂದೆ. ಆಮೇಲೆ ತಿಳಿದದ್ದು, ಅವರಿಗೆ ಬೇಕಾಗಿದ್ದದ್ದು ಸಭೆಯ ನಡಾವಳಿಯನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯುವ ಒಬ್ಬರು.

ಮಂಡಳಿ ಕೋರ್ಟಿನಂತೆ ಕಾಣಬಾರದು ಎಂದು ಕಾಯ್ದೆ ಹೇಳುತ್ತದೆ. ನ್ಯಾಯಾಧೀಶರಿಗೆ ಎತ್ತರದ ಕಟ್ಟೆ ಇರಬಾರದು, ಕಟಕಟೆ ಇರಬಾರದು, ಪೊಲೀಸರು ಸಮವಸ್ತ್ರದಲ್ಲಿ ಬರಬಾರದು. ನಾನು ಹೋದ ಮೊದಲ ದಿನ ಕಟ್ಟೆ ಇರಲಿಲ್ಲ, ನಿಜ. ಕಟ್ಟೆಯನ್ನು ಒಡೆದ ಜಾಗದಲ್ಲಿ ಸಿಮೆಂಟು ಬಳಿದಿದ್ದರು, ಅದರ ಮೇಲೆ ಮ್ಯಾಜಿಸ್ಟ್ರೇಟರ ಮೇಜನ್ನು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಪೇದೆ ಖಾಕಿ ಅಂಗಿಯ ಮೇಲೆ ಹೆಂಡತಿ ಹೆಣೆದ ನೀಲಿ ಸ್ವೆಟರ್ ಹಾಕಿಕೊಂಡು ಬಂದಿದ್ದ. ಹೊರಗೆ ಸುಡುಬಿಸಿಲು. ಖಾಕಿ ಪ್ಯಾಂಟು, ಕಂದು ಬೂಟು ಹಾಗೇ ಇದ್ದವು. ಬೂಟು ಯಾರಿಗೆ ಕಾಣುತ್ತೆ ಮೇಡಂ ಎಂದ. ಹಿಡಿದು ತಂದ ಮಕ್ಕಳು ತಲೆ ಎತ್ತುವುದೇ ಇಲ್ಲ. ಅವರಿಗೆ ಆ ಕೋಣೆಯಲ್ಲಿ ಕಾಣುವುದು ಬೂಟು ಒಂದೇ. ಹೇಳಿದೆ. ಮುಂದಿನ ವಾರ ಬೂಟಿಗೆ ಪಾಲಿಶ್ ಹಾಕಿಸಿಕೊಂಡು ಬಂದ.

ಎಡಗಡೆಯ ಕುರ್ಚಿಯಲ್ಲಿ ಇದ್ದವರು ನಿವೃತ್ತ ಮುಖ್ಯೋಪಾಧ್ಯಾಯರು, ರುದ್ರಪ್ಪ ಮೇಷ್ಟ್ರು. ಕೆಟ್ಟವರಲ್ಲ. ಏನು ಕೇಳಿದರೂ "ಮೇಡಮ್ಮೋರು ಹೇಳಿದಂಗೆ ಆಗ್ಲಿ" ಎನ್ನುವರು, ನಾನು ಇನ್ನೂ ಏನೂ ಹೇಳಿರದಿದ್ದರೂ.

ಮ್ಯಾಜಿಸ್ಟ್ರೇಟರು ಬಂದು ಹೋಗುತ್ತಿದ್ದರು. ಅವರಲ್ಲಿ ಒಬ್ಬರಿಗೆ ಮಗ್ಗಿಯ ಹುಚ್ಚು. ಓದದ ಮಕ್ಕಳೇ ಕಳ್ಳತನಕ್ಕೆ ಇಳಿಯುತ್ತಾರೆ ಎನ್ನುವುದು ಅವರ ಸಿದ್ಧಾಂತ. ಯಾವ ಹುಡುಗ ಬಂದರೂ ಹದಿಮೂರರ ಮಗ್ಗಿ ಹೇಳು ಎನ್ನುವರು. ಹೇಳಿದವನಿಗೆ ಜಾಮೀನು ಸಲೀಸು. ತಡವರಿಸಿದವನು ಕಲಿತುಕೊಂಡು ಮುಂದಿನ ಸಲ ಬರಬೇಕು, ಅಂದರೆ ಅಲ್ಲಿಯವರೆಗೆ ಇಂಥ ಮಕ್ಕಳನ್ನು ಕೂಡಿಡುವ ವೀಕ್ಷಣಾಲಯದಲ್ಲಿ ಕೊಳೆಯಬೇಕು. ಒಂದು ದಿನ ವರಾಂಡದಲ್ಲಿ ಗುಣುಗುಣು ಸದ್ದು ಕೇಳಿ ಇಣುಕಿದೆ. ಕರಿಕೋಟಿನ ವಕೀಲರೊಬ್ಬರು ಕಂಬದ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಹದಿಮೂರೇಳ್ಲಿ ತೊಂಬತ್ತೊಂದು ಹೇಳಿಕೊಡುತ್ತಿದ್ದರು. ಕಾನೂನು ಓದಿದ್ದಕ್ಕೆ ಅವರಿಗೆ ಆದ ಉಪಯೋಗ ಅದು. ಇದು ಸರಿಯಲ್ಲ ಸರ್ ಎಂದು ಮ್ಯಾಜಿಸ್ಟ್ರೇಟರಿಗೆ ಮೆಲ್ಲಗೆ ಹೇಳಿದ್ದಕ್ಕೆ, ಶಿಸ್ತು ಮೇಡಂ, ಶಿಸ್ತು ಎಂದರು. ಅವರ ಕರವಸ್ತ್ರ ಯಾವಾಗಲೂ ನೆಲದ ಮೇಲೆ ಬಿದ್ದಿರುತ್ತಿತ್ತು, ಜವಾನ ಎತ್ತಿ ಕೊಡುತ್ತಿದ್ದ.

ಆಮೇಲೆ ವಿಡಿಯೋ ಬಂತು. ಮಗುವನ್ನು ಕರೆತರುವ ತಾಪತ್ರಯವೇ ಬೇಡ, ತೆರೆಯ ಮೇಲೆ ನೋಡಿ ವಿಚಾರಣೆ ಮಾಡಿ ಎಂದರು. ದೊಡ್ಡ ಸುಧಾರಣೆ ಎಂದು ಪತ್ರಿಕೆಯಲ್ಲೂ ಬಂತು. ತೆರೆಯ ಮೇಲೆ ಮಗುವಿನ ಹಣೆ, ಅದರ ಮೇಲೊಂದು ತಿರುಗುವ ಫ್ಯಾನು. ನಾವು ಇಲ್ಲಿಂದ ಕೇಳಿಸ್ತೈತಾ ಎನ್ನುವುದು, ಅವರು ಅಲ್ಲಿಂದ ಕೇಳಿಸ್ತೈತ್ರಿ ಎನ್ನುವುದು, ಅಷ್ಟರಲ್ಲಿ ಲೈನು ಕೈಕೊಡುವುದು. ಒಬ್ಬ ಹುಡುಗನ ಕೇಸಿನ ನಡಾವಳಿ ಬರೆಯುವಾಗ ನೋಡುತ್ತೇನೆ, ಅವನಿಗೂ ನಮಗೂ ನಡುವೆ ನಡೆದ ಮಾತು ಪೂರ್ತಿ ಅದೊಂದೇ. 'ಬಾಲಕನನ್ನು ವಿಚಾರಿಸಲಾಯಿತು' ಎಂದು ಬರೆಯಿರಿ ಮೇಡಂ ಎಂದರು ಮ್ಯಾಜಿಸ್ಟ್ರೇಟರು. 'ಬಾಲಕನಿಗೆ ಕೇಳಿಸುತ್ತದೆಯೇ ಎಂದು ವಿಚಾರಿಸಲಾಯಿತು' ಎಂದು ಬರೆದೆ. ಟೈಪಿಸ್ಟು ಅದನ್ನು ತಿದ್ದಿದಳು.

ಇನ್ನು ವಲಯ ಸಮನ್ವಯ ಸಭೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಗೆ ಬಂದಿದ್ದ ಆ ಹುಡುಗಿಗೂ ಆಮಂತ್ರಣ ಬರುತ್ತದೆ, ಅವಳು ಹೊಸ ಸೀರೆ ಉಟ್ಟುಕೊಂಡು ಹೋಗುತ್ತಾಳೆ.

ಮಕ್ಕಳು ಜಿಲ್ಲೆಯ ಗಡಿ ನೋಡಿಕೊಂಡು ತಪ್ಪು ಮಾಡುವುದಿಲ್ಲ. ಮನೆ ಒಂದು ಜಿಲ್ಲೆಯಲ್ಲಿ, ಕೇಸು ಇನ್ನೊಂದರಲ್ಲಿ, ಹೆಣ್ಣುಮಕ್ಕಳಾದರೆ ಇಡುವ ವೀಕ್ಷಣಾಲಯ ಮೂರನೆಯದರಲ್ಲಿ. ಆದ್ದರಿಂದ ನೆರೆಯ ಜಿಲ್ಲೆಗಳೆಲ್ಲ ಕೂಡಿ ಕೆಲಸ ಮಾಡಬೇಕು, ವ್ಯವಸ್ಥೆಯನ್ನು ಸುಧಾರಿಸಬೇಕು ಎಂದು ಈ ಸಭೆ ಶುರುವಾಯಿತು. ಯೋಚನೆ ಒಳ್ಳೆಯದೇ. ಒಂದು ಸಲ ಒಬ್ಬರ ಊರಲ್ಲಿ, ಇನ್ನೊಂದು ಸಲ ಇನ್ನೊಬ್ಬರ ಊರಲ್ಲಿ. ಕುಂಡದ ಗಿಡಕ್ಕೆ ಒಂದು ಚೊಂಬು ನೀರು ಹಾಕಿ ಉದ್ಘಾಟನೆ. ಬೆಂಗಳೂರಿಂದ ಬಂದ ತರಬೇತುದಾರರು ನಮ್ಮನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆಯ ಆಟ ಆಡಿಸುವರು. ಪೊಲೀಸ್ ಇನ್‌ಸ್ಪೆಕ್ಟರು ರುದ್ರಪ್ಪ ಮೇಷ್ಟ್ರ ಕೈಗೆ ಕೈ ತಟ್ಟಿ ಗುಬ್ಬಿ ಗುಬ್ಬಿ ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಗುಂಪು ಚರ್ಚೆ, ದೊಡ್ಡ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆಯುವುದು. ಮಗು ಎಂದು ನಡುವೆ ಬರೆದು ಸುತ್ತ ಒಂದು ವೃತ್ತ, ವೃತ್ತದಿಂದ ಹೊರಟ ಬಾಣಗಳು. ಪ್ರತಿ ಸಭೆಯಲ್ಲೂ ಅದೇ ವೃತ್ತ, ಅವೇ ಬಾಣ. ಊಟ ಮಾತ್ರ ಪ್ರತಿ ಸಲ ಬೇರೆ.

ಒಮ್ಮೆ ಎಲ್ಲ ಮಂಡಳಿಗಳ ಗೋಡೆಯ ಮೇಲೂ ಮಕ್ಕಳಿಗೆ ಖುಷಿ ಕೊಡುವ ಚಿತ್ರ ಬರೆಸಬೇಕು ಎಂದು ತೀರ್ಮಾನವಾಯಿತು. ನಮ್ಮಲ್ಲಿ ಗುಲಾಬಿ ಬಣ್ಣದ ಮೊಲ ಬರೆಸಿದರು, ಕೈಯಲ್ಲೊಂದು ಗಜ್ಜರಿ. ಅದರ ಕೆಳಗಿನ ಬೆಂಚಿನಲ್ಲಿ ಮೀಸೆ ಚಿಗುರಿದ ಹದಿನೇಳರ ಹುಡುಗರು ಮುಖ ಕೆಂಪು ಮಾಡಿಕೊಂಡು ಕೂರುತ್ತಿದ್ದರು. ಇನ್ನೊಮ್ಮೆ, ಜಿಲ್ಲೆ ಜಿಲ್ಲೆಗಳ ನಡುವೆ ಇನ್ನು ಮುಂದೆ ಪತ್ರಕ್ಕಾಗಿ ಕಾಯುವುದು ಬೇಡ, ಅಧಿಕಾರಿಗಳು ನೇರವಾಗಿ ಫೋನಿನಲ್ಲೇ ಮಾತಾಡಿ ಕೆಲಸ ಮುಗಿಸಬೇಕು ಎಂದು ತೀರ್ಮಾನಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಗ ಒಬ್ಬರು ಎದ್ದು ನಿಂತು, ಈ ತೀರ್ಮಾನವನ್ನು ದಯವಿಟ್ಟು ಪತ್ರದ ಮೂಲಕ ತಿಳಿಸಬೇಕು, ಪತ್ರ ಬರುವವರೆಗೆ ನಾವು ಫೋನ್ ಎತ್ತುವಂತಿಲ್ಲ ಎಂದರು. ಯಾರೂ ನಗಲಿಲ್ಲ. ನಾನು ಸುತ್ತ ನೋಡಿದೆ, ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಆ ದಿನಗಳಲ್ಲೇ ರೇಷ್ಮಾ ಬಂದಳು. ಅದು ಅವಳ ಹೆಸರಲ್ಲ, ಹೆಸರು ಹೇಳಬಾರದು. ಹದಿನಾರು ವರ್ಷ. ತಂದೆ ತಾಯಿ ಇಲ್ಲ, ಸಾಕಿದವಳು ಅಜ್ಜಿ ಮಾಬೂಬಿ. ಪಿಂಜಾರರ ಮನೆ, ಅಜ್ಜಿ ಹತ್ತಿ ಬಿಡಿಸಿ ಹಾಸಿಗೆ ಹೊಲಿಯುತ್ತಾಳೆ. ಹುಡುಗಿ ಎಸ್.ಎಸ್. ಬಡಾವಣೆಯ ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳಲು ದಿನಾ ಬಸ್ಸಿಗೆ ಬರುತ್ತಿದ್ದಳು. ಮೇಜಿನ ಡ್ರಾದಲ್ಲಿದ್ದ ಹಳೆಯ ಮೊಬೈಲು ತೆಗೆದುಕೊಂಡಳು. ಇಷ್ಟು ಸಣ್ಣದಕ್ಕೆ ಪೊಲೀಸರು ಕೇಸು ದಾಖಲಿಸುವ ಅಗತ್ಯವೇ ಇಲ್ಲ, ಕಾಯ್ದೆ ಸ್ಪಷ್ಟವಾಗಿದೆ. ಆದರೆ ಆ ಮನೆಯ ಯಜಮಾನರು ಎದುರಾದರೆ ಇನ್‌ಸ್ಪೆಕ್ಟರು ಜೀಪಿನಿಂದ ಇಳಿದು ಮಾತಾಡಿಸುತ್ತಿದ್ದರು. ಕೇಸು ದಾಖಲಾಯಿತು.

ಮಂಡಳಿಯ ಮುಂದೆ ಬಂದಾಗ ಓಡಣಿಗೆ ಎರಡು ಪಿನ್ನು ಹಾಕಿದ್ದಳು, ಒಂದು ಕಿತ್ತರೆ ಇನ್ನೊಂದಿರಲಿ ಎಂದು. ಮಗ್ಗಿಯ ಮ್ಯಾಜಿಸ್ಟ್ರೇಟರು ನೀನು ಕದ್ದೆಯಾ ಎಂದರು.

"ತಗಂಡೀನ್ರಿ," ಎಂದಳು. "ಡ್ರಾದಾಗ ಸುಮ್ನ ಬಿದ್ದಿತ್ತು. ಹಾಡು ಕೇಳಾಕ ತಗಂಡೆ."

ಮ್ಯಾಜಿಸ್ಟ್ರೇಟರಿಗೆ ಇರಿಸುಮುರಿಸಾಯಿತು. ಇಲ್ಲ ಎಂದಿದ್ದರೆ ಮುಂದಿನದಕ್ಕೆ ದಾರಿ ಗೊತ್ತಿತ್ತು. ಹೌದು ಎನ್ನುವವರು ಅವರಿಗೆ ಅಪರೂಪ. ಆ ದಿನವೇ ಬುದ್ಧಿ ಹೇಳಿ ಅಜ್ಜಿಯ ಜೊತೆ ಕಳಿಸಬಹುದಿತ್ತು, ಅಜ್ಜಿ ಬಾಗಿಲ ಹೊರಗೇ ನಿಂತಿದ್ದಳು. ನಾನು ಹಾಗೇ ಹೇಳಿದೆ, ರುದ್ರಪ್ಪ ಮೇಷ್ಟ್ರು ಮೇಡಮ್ಮೋರು ಹೇಳಿದಂಗೆ ಆಗ್ಲಿ ಎಂದರು. ಆದರೆ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ವಿಳಾಸ ಹೊಳೆಯ ಆಚೆಯದು. ನಮ್ಮ ಜಿಲ್ಲೆಯ ಹರಿಹರ ಮುಗಿಯುವುದೇ ತುಂಗಭದ್ರೆಯಲ್ಲಿ, ಸೇತುವೆಯ ಆ ತುದಿಯಲ್ಲಿ ಬೇರೆ ಜಿಲ್ಲೆ. ಆ ದಡದವರು ತರಕಾರಿಗೆ ಈ ದಡಕ್ಕೆ ಬರುತ್ತಾರೆ, ಈ ದಡದವರು ಫ್ಯಾಕ್ಟರಿ ಕೆಲಸಕ್ಕೆ ಆ ದಡಕ್ಕೆ ಹೋಗುತ್ತಾರೆ, ಹೆಣ್ಣು ಕೊಟ್ಟು ತರುತ್ತಾರೆ. ಮಂಡಳಿಗೆ ಮಾತ್ರ ಅದು ಪರದೇಶ. ಆ ಜಿಲ್ಲೆಯ ಅಧಿಕಾರಿ ಮನೆಗೆ ಹೋಗಿ ನೋಡಿ, ಅಜ್ಜಿ ಯೋಗ್ಯಳೇ ಎಂದು ವರದಿ ಕಳಿಸುವವರೆಗೆ ಹುಡುಗಿಯನ್ನು ಬಿಡುವಂತಿಲ್ಲ ಎಂದರು ಮ್ಯಾಜಿಸ್ಟ್ರೇಟರು.

ಅಜ್ಜಿಯನ್ನು ಒಳಗೆ ಕರೆಸಿ ಹೇಳಿದರು. ಅವಳ ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆಗಳಿದ್ದವು, ಕೆಲಸದಿಂದ ಎದ್ದು ಹಾಗೇ ಬಂದಿದ್ದಳು.

"ನಾ ಇಲ್ಲೇ ನಿಂತೀನಲ್ರೀ ಸಾಹೇಬ್ರ," ಎಂದಳು. "ನನ್ನ ನೋಡಾಕ ಮತ್ಯಾರನ್ನ ಕಳಸ್ತೀರಿ?"

ರೇಷ್ಮಾಳನ್ನು ಹೆಣ್ಣುಮಕ್ಕಳ ವೀಕ್ಷಣಾಲಯವಿದ್ದ ಮೂರನೇ ಜಿಲ್ಲೆಗೆ ಕಳಿಸಿದರು. ಬಸ್ಸಿನಲ್ಲಿ ಅರ್ಧ ದಿನದ ಹಾದಿ.

ಮಕ್ಕಳ ಮನೆಗೆ ಹೋಗಿ ನೋಡಿ ವರದಿ ಬರೆಯುವವರನ್ನು ಪರಿವೀಕ್ಷಣಾಧಿಕಾರಿ ಎನ್ನುತ್ತಾರೆ. ನಮ್ಮ ಕಡೆಯವನು ಶಿವಕುಮಾರ. ಮುಖದಲ್ಲಿ ಸದಾ ನಗು, ಜೇಬಿನಲ್ಲಿ ಸದಾ ರಬ್ಬರ್ ಮೊಹರು. ಹೊಳೆ ಆಚೆಯ ಅಧಿಕಾರಿಗೆ ಒಂದು ಫೋನ್ ಮಾಡಪ್ಪ ಎಂದೆ. ಫೋನ್ ಮಾಡಿದರೆ ದಾಖಲೆ ಇರುವುದಿಲ್ಲ ಎಂದ. ಹೋಗಲಿ, ಬೈಕು ತೆಗೆದುಕೊಂಡು ಸೇತುವೆ ದಾಟಿ ನೀನೇ ಆ ಮನೆ ನೋಡಿಕೊಂಡು ಬಾ ಎಂದೆ.

"ಹೊಳೆ ದಾಟಿದ್ರೆ ನನ್ನ ಲಿಮಿಟ್ ಅಲ್ಲ ಮೇಡಂ. ನಾಳೆ ಯಾರಾದ್ರೂ ಯಾಕ ಹೋದೆ ಅಂದ್ರೆ?"

ಅವನ ಹೆಂಡತಿಯ ತವರು ಆಚೆ ದಡದಲ್ಲೇ ಇತ್ತು. ಭಾನುವಾರ ಭಾನುವಾರ ಹೋಗಿ ಊಟ ಮಾಡಿಕೊಂಡು ಬರುತ್ತಿದ್ದ. ಅದನ್ನು ನೆನಪಿಸಿದೆ. ಅದು ಪರ್ಸನಲ್ ಮೇಡಂ ಎಂದ, ನಗುತ್ತಲೇ.

ಪತ್ರ ಹೋಯಿತು. ನಮ್ಮ ಕಚೇರಿಯಿಂದ ಮೇಲಿನ ಕಚೇರಿಗೆ, ಅಲ್ಲಿಂದ ಆಚೆ ಜಿಲ್ಲೆಯ ಮೇಲಿನ ಕಚೇರಿಗೆ, ಅಲ್ಲಿಂದ ಕೆಳಕ್ಕೆ. ಮಾಬೂಬಿ ಪ್ರತಿ ಬೈಠಕ್ಕಿಗೂ ಬಂದಳು. ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂರುವಳು, ಬೆಂಚು ತೋರಿಸಿದರೂ ಬೇಡವೆನ್ನುವಳು. ಪತ್ರ ಬಂದಿಲ್ಲ ಎಂದರೆ ಎದ್ದು ಸೆರಗು ಕೊಡವಿ ಹೋಗುವಳು. ಜಗಳ ಆಡಿದ್ದರೆ ನಮಗೆ ಸಮಾಧಾನ ಆಗುತ್ತಿತ್ತೇನೋ.

ಕೊನೆಗೆ ವರದಿ ಬಂತು. ಬಾಲಕನ ತಂದೆ ಕುಡುಕನೆಂದೂ, ಬಾಲಕ ಕ್ರಿಕೆಟ್ ಬೆಟ್ಟಿಂಗಿನ ಚಟಕ್ಕೆ ಬಿದ್ದಿರುವನೆಂದೂ, ಮನೆಯ ಹತ್ತಿರ ಹೊಳೆ ಇರುವುದರಿಂದ ವಾತಾವರಣ ಅಪಾಯಕಾರಿಯೆಂದೂ ಅದರಲ್ಲಿತ್ತು. ಯಾವುದೋ ಹುಡುಗನ ವರದಿಗೆ ನಮ್ಮ ಹುಡುಗಿಯ ಹೆಸರು ಹಾಕಿ ಕಳಿಸಿದ್ದರು. ಹೊಳೆಯೊಂದೇ ಅವರ ಸ್ವಂತ ಸೇರ್ಪಡೆ. ಅಷ್ಟರಲ್ಲಿ ಮಗ್ಗಿಯವರಿಗೆ ವರ್ಗವಾಗಿ ಹೊಸ ಮ್ಯಾಜಿಸ್ಟ್ರೇಟ್ ಬಂದಿದ್ದರು, ವಯಸ್ಸಿನ್ನೂ ಚಿಕ್ಕದು, ಮಾತು ಕಡಿಮೆಯ ಹೆಣ್ಣುಮಗಳು. ನನ್ನ ಕಾಲದಲ್ಲಿ ನಾನು ಮನಸಾರೆ ಮೆಚ್ಚಿದ ಮೇಲಧಿಕಾರಿ ಅವರೊಬ್ಬರೇ. ವರದಿಯನ್ನು ಓದಿದರು, ಮಡಚಿದರು, ನೆಲದ ಮೇಲೆ ಕೂತಿದ್ದ ಮಾಬೂಬಿಯನ್ನು ಕರೆದು ಊಟಕ್ಕೆ ಏನು ಮಾಡುತ್ತೀರಿ, ಹುಡುಗಿ ಎಲ್ಲಿ ಮಲಗುತ್ತಾಳೆ ಎಂದು ಕೇಳಿದರು. ಅಲ್ಲೇ ಆದೇಶ ಬರೆಸಿದರು: ಬಾಲಕಿಯನ್ನು ಅಜ್ಜಿಯ ವಶಕ್ಕೆ ಒಪ್ಪಿಸತಕ್ಕದ್ದು. ನಾನೂ ರುಜು ಹಾಕಿದೆ, ಮೇಷ್ಟ್ರೂ ಹಾಕಿದರು. ಮುಗಿಯಿತು ಅಂದುಕೊಂಡೆ.

ಒಪ್ಪಿಸತಕ್ಕದ್ದು ಸರಿ, ಕರೆದು ತರುವವರು ಯಾರು? ವೀಕ್ಷಣಾಲಯದವರು ನಮ್ಮ ಕೆಲಸ ಗೇಟಿನವರೆಗೆ ಎಂದರು. ನಮ್ಮವರು, ಹುಡುಗಿ ಆಚೆ ಜಿಲ್ಲೆಯವಳು, ಅವರು ತರಲಿ ಎಂದರು. ಆಚೆಯವರು, ಕೇಸು ಈಚೆಯದು, ಈಚೆಯವರು ತರಲಿ ಎಂದರು. ಅಜ್ಜಿ ತಾನೇ ಬಸ್ಸು ಹತ್ತಿ ಹೋದರೆ, ಅಧಿಕಾರಿ ಜೊತೆಯಲ್ಲಿಲ್ಲದೆ ಕಳಿಸುವಂತಿಲ್ಲ ಎಂದು ಹುಡುಗಿಯನ್ನು ಕಿಟಕಿಯಿಂದ ತೋರಿಸಿ ವಾಪಸು ಕಳಿಸಿದರು. ಅವತ್ತು ಮಾಬೂಬಿ ನಮ್ಮ ಮನೆಗೇ ಬಂದಳು. ಚಹಾ ಕೊಟ್ಟೆ. ಬಸಿಯಲ್ಲಿ ಹಾಕಿಕೊಂಡು, ಕುಡಿಯದೆ ಆರಲು ಬಿಟ್ಟಳು.

"ಆಕಿ ಸೊರಗ್ಯಾಳವ್ವ," ಎಂದಳು. "ಕಿಟಕ್ಯಾಗ ನಿಂತು ನನ್ನ ನೋಡಿ ನಗತಿದ್ಲು. ಅಳತಿದ್ರ ನಾ ಇಷ್ಟು ಹೆದರ್ತಿರಲಿಲ್ಲ."

ಮುಂದಿನ ಸಮನ್ವಯ ಸಭೆಯಲ್ಲಿ ಈ ವಿಷಯ ಎತ್ತಿದೆ. ಎತ್ತದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನಿಸಿತು, ಏಕೆಂದರೆ ಅವರೆಲ್ಲ ಉತ್ಸಾಹಗೊಂಡರು. ಅಂತರ್ ಜಿಲ್ಲಾ ಸಹಕಾರಕ್ಕೆ ಇದೇ ಮಾದರಿ ಆಗಲಿ ಎಂದರು. ಮೂರು ಜಿಲ್ಲೆಗಳೂ ಕೂಡಿ ಮಾಡುವ ಮೊದಲ ಹಸ್ತಾಂತರ. ಆದರೆ ಸರ್ಕಾರಿ ಜೀಪು ಜಿಲ್ಲೆ ಬಿಟ್ಟು ಹೋಗಲು ಅನುಮತಿ ಬೇಕು. ಮೂರನೇ ಜಿಲ್ಲೆಯವರಿಗೆ ನಮ್ಮ ಜಿಲ್ಲೆಯವರೆಗೆ ಬರಲು ಮಾತ್ರ ಅನುಮತಿ ಸಿಕ್ಕಿತು, ಆಚೆಯವರಿಗೆ ಅವರ ಜಿಲ್ಲೆಯ ಗಡಿಯವರೆಗೆ. ಅದಕ್ಕೇ ಹರಿಹರದ ಹಳೇ ಸೇತುವೆಯ ನಟ್ಟನಡುವೆ ಹುಡುಗಿಯನ್ನು ಒಪ್ಪಿಸುವುದೆಂದು ಗೊತ್ತುಮಾಡಿದರು. ಮಂಡಳಿಯ ಪರವಾಗಿ ನಾನು ಬರಬೇಕೆಂದರು.

ಬೆಳಿಗ್ಗೆ ಹೋದೆ. ಸೇತುವೆಯ ಕಟಾಂಜನಕ್ಕೆ ಬ್ಯಾನರು ಕಟ್ಟಿದ್ದರು, ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಫೋಟೋದವನೂ ಬಂದಿದ್ದ. ಹರಿಹರದ ಈ ತುದಿಯಲ್ಲಿ ಮೂರನೇ ಜಿಲ್ಲೆಯ ಜೀಪು, ಅದರ ಅಧಿಕಾರಿ, ಒಬ್ಬ ಮಹಿಳಾ ಪೇದೆ, ನಮ್ಮ ಶಿವಕುಮಾರ, ರೇಷ್ಮಾ. ಆ ತುದಿಯಲ್ಲಿ ಆಚೆಯ ಅಧಿಕಾರಿ, ಅವರ ಜೀಪು, ಜೀಪಿನ ನೆರಳಲ್ಲಿ ಮಾಬೂಬಿ. ಮಗುವಿನ ಮುಖ ಫೋಟೋದಲ್ಲಿ ಕಾಣಬಾರದೆಂದು ಕಾನೂನಿದೆಯಲ್ಲ, ಡ್ರೈವರನ ಟವೆಲನ್ನು ಹುಡುಗಿಯ ತಲೆಯ ಮೇಲಿಂದ ಮುಖ ಮುಚ್ಚುವಂತೆ ಹೊದಿಸಿದ್ದರು. ಹಾದು ಹೋಗುವ ಪ್ರತಿಯೊಬ್ಬರೂ ಸೈಕಲ್ಲು ನಿಧಾನ ಮಾಡಿ, ಯಾರ ಮನೆಯ ಹುಡುಗಿ, ಏನು ಮಾಡಿದ್ದಾಳೆ ಎಂದು ನೋಡುತ್ತಿದ್ದರು. ಮುಖ ತೆರೆದು ನಿಂತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಶುರುವಾಯಿತು. ಈಚೆಯವರು ಫೋನಿನಲ್ಲಿ, ನೀವು ಪಡೆದುಕೊಳ್ಳುವವರು, ನೀವು ಬನ್ನಿ ಎಂದರು. ಆಚೆಯವರು, ನೀವು ಒಪ್ಪಿಸುವವರು, ನೀವು ಬರ್ರಿ ಎಂದರು. ಆಮೇಲೆ ನಡು ಯಾವುದು ಎಂಬ ಪ್ರಶ್ನೆ ಎದ್ದಿತು. ನಡು ದಾಟಿದ ಮೇಲೆ ಹುಡುಗಿ ಕೆಮ್ಮಿದರೂ ಅದು ಆಚೆಯವರ ಜವಾಬ್ದಾರಿ, ದಾಟದಿದ್ದರೆ ಈಚೆಯವರದು. ಶಿವಕುಮಾರ ದೀಪದ ಕಂಬಗಳನ್ನು ಎಣಿಸೋಣವೇ ಎಂದ. ಅಷ್ಟರಲ್ಲಿ ವೈದ್ಯಕೀಯ ಪ್ರಮಾಣಪತ್ರ ಹಿಂದಿನ ದಿನದ್ದು, ಈ ದಿನದ್ದು ಬೇಕು ಎಂದು ಆಚೆಯಿಂದ ತಕರಾರು ಬಂತು. ನಮ್ಮ ಪಕ್ಕದಲ್ಲೇ ಮೇವಿನ ಟ್ರಾಕ್ಟರು, ಶಾಲೆಗೆ ಹೊರಟ ಮಕ್ಕಳು, ಬುಟ್ಟಿ ಹೊತ್ತ ಹೆಂಗಸರು, ಎರಡು ಎಮ್ಮೆ, ಎಲ್ಲರೂ ಸೇತುವೆ ದಾಟಿ ಹೋಗುತ್ತಿದ್ದರು. ಎಮ್ಮೆಗಳು ನಡು ಯಾವುದೆಂದು ಕೇಳಲಿಲ್ಲ.

ಯಾರಾದರೂ ಒಬ್ಬರು ಅಲ್ಲಿಯವರೆಗೆ ಹೋಗಿ ಮಾತಾಡಲಿ ಎಂದು ನಾನೇ ನಡೆದುಕೊಂಡು ಆ ತುದಿಗೆ ಹೋದೆ. ಆಚೆಯ ಅಧಿಕಾರಿ ನನ್ನನ್ನು ಕಂಡು ಬಹಳ ಗೌರವದಿಂದ ಬರ್ರಿ ಮೇಡಂ, ಕೂಡ್ರಿ ಎಂದು ಜೀಪಿನ ಸೀಟು ಒರೆಸಿದರು. ನಾನು ಕೂರಲು ಬಂದಿಲ್ಲ ಎಂದೆ. ಹತ್ತು ಹೆಜ್ಜೆ ಮುಂದೆ ಬನ್ನಿ ಸಾಕು ಎಂದೆ. ಅವರು ಫೋನನ್ನು ಕಿವಿಯಿಂದ ತೆಗೆಯದೆ, ಮೇಲಿನವರನ್ನು ಕೇಳುತ್ತಿದ್ದೇನೆ ಎಂದು ಕೈಸನ್ನೆ ಮಾಡಿದರು.

ಮಾಬೂಬಿ ನನ್ನ ಪಕ್ಕಕ್ಕೆ ಬಂದು ನಿಂತಳು. ಕಣ್ಣು ಹರಿಹರದ ತುದಿಯ ಟವೆಲಿನ ಮೇಲಿತ್ತು.

"ಅವ್ವಾ, ಈ ನಡುವಿಂದು ಯಾವ ಜಿಲ್ಲಾದು?"

"ಅದೇ ಇನ್ನೂ ತೀರ್ಮಾನ ಆಗಿಲ್ಲಜ್ಜಿ."

"ಅಂದ್ರ ಅಲ್ಲಿ ಈ ಸಾಹೇಬ್ರು ನನ್ನ ತಡೆಯಂಗಿಲ್ಲ, ಆ ಸಾಹೇಬ್ರೂ ತಡೆಯಂಗಿಲ್ಲ."

ಮಾತು ಮುಗಿಯುವುದರೊಳಗೆ ಅವಳು ಹೊರಟಿದ್ದಳು. ಎಡಗಾಲು ಸ್ವಲ್ಪ ಎಳೆಯುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಟಾಂಜನಕ್ಕೆ ಒಂದು ಕೈ ಹಚ್ಚಿಕೊಂಡು ನಡೆದಳು. ಹರಿಹರದ ತುದಿಯಲ್ಲಿ ಟವೆಲಿನ ಒಳಗಿಂದ ಅವಳಿಗೆ ಹೇಗೆ ಕಂಡಿತೋ, ರೇಷ್ಮಾ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಅವಳ ಹಿಂದಿದ್ದ ಅಧಿಕಾರಿ ಏಯ್ ನಿಲ್ಲು ಎಂದರು. ಸರ್ ಹಿಡೀಲಾ ಎಂದು ಮಹಿಳಾ ಪೇದೆ ಕೇಳಿದಳಂತೆ. ಅಲ್ಲಿಗೆ ಹೋದ್ಮೇಲೆ ಅದು ನಮ್ದಾ ಅವ್ರ್ದಾ ಎಂದು ಅವರು ಶಿವಕುಮಾರನನ್ನು ಕೇಳಿದರಂತೆ. ಶಿವಕುಮಾರ ಇನ್ನೂ ಕಂಬ ಎಣಿಸುತ್ತಿದ್ದ.

ಇಬ್ಬರೂ ಸಂಧಿಸಿದರು. ಮಾಬೂಬಿ ಟವೆಲನ್ನು ತೆಗೆದಳು. ಬಿಸಾಡಲಿಲ್ಲ, ಯಾರದೋ ವಸ್ತು ಎಂದು ನಾಲ್ಕು ಮಡಿಕೆ ಮಾಡಿ ಕಟಾಂಜನದ ಮೇಲಿಟ್ಟಳು. ಹುಡುಗಿಯ ಕೈ ಹಿಡಿದು ತಿರುಗಿ ನಡೆದಳು. ನಮ್ಮನ್ನು ದಾಟಿ ಹೋಗುವಾಗ ಆಚೆಯ ಅಧಿಕಾರಿ ಹೆಬ್ಬೆಟ್ಟಿನ ಪ್ಯಾಡು ಹಿಡಿದುಕೊಂಡು ಅಮ್ಮಾ, ಅಮ್ಮಾ ಎಂದು ಹಿಂದೆ ಓಡಿದರು. ಅವಳು ನಿಲ್ಲಲಿಲ್ಲ. ಅಜ್ಜಿಗೆ ಒಪ್ಪಿಸಿ ಎಂದು ಆದೇಶ ಇದೆ, ಒಪ್ಪಿಸಿದ ಹಾಗಾಯಿತಲ್ಲ, ಮಂಡಳಿಯ ಪರವಾಗಿ ನಾನು ನೋಡಿದ್ದೇನೆ ಎಂದು ಹೇಳಿ ನಾನು ಅವರ ದಾರಿಗೆ ಅಡ್ಡ ನಿಂತೆ. ಅಷ್ಟು ಹೊತ್ತೂ ನಾನು ಧ್ವನಿ ಎತ್ತರಿಸಲಿಲ್ಲ. ಫೋಟೋದವನಿಗೆ ಸಿಕ್ಕಿದ್ದು ಅವರಿಬ್ಬರ ಬೆನ್ನು ಮಾತ್ರ.

ಆ ಬೆನ್ನಿನ ಫೋಟೋವನ್ನು ಮುಂದಿನ ಸಮನ್ವಯ ಸಭೆಯಲ್ಲಿ ದೊಡ್ಡದಾಗಿ ತೆರೆಯ ಮೇಲೆ ಹಾಕಿದರು. ಮಗುವಿನ ಮುಖ ಎಲ್ಲೂ ಕಾಣದ ಹಾಗೆ ಎಷ್ಟು ಸೂಕ್ಷ್ಮವಾಗಿ ತೆಗೆದಿದ್ದಾರೆ ನೋಡಿ ಎಂದು ತರಬೇತುದಾರರು ಹೊಗಳಿದರು. ಮೂರು ಜಿಲ್ಲೆಯ ಅಧಿಕಾರಿಗಳಿಗೂ ಶಾಲು ಹೊದಿಸಿದರು. ಪಡೆದುಕೊಂಡ ಹೆಬ್ಬೆಟ್ಟಿನ ಗುರುತು ಇಲ್ಲವೆಂದು ಆಚೆಯವರಿಗೂ ಈಚೆಯವರಿಗೂ ನಡುವೆ ಪತ್ರ ವ್ಯವಹಾರ ಆಮೇಲೂ ನಡೆಯುತ್ತಿತ್ತು. ರೇಷ್ಮಾಳ ಕೇಸಿನ ಕೊನೆಯ ವಿಚಾರಣೆ, ಮ್ಯಾಜಿಸ್ಟ್ರೇಟರು ನಾಲ್ಕು ಮಾತು ಬುದ್ಧಿ ಹೇಳಿ ಕಳಿಸಿದ್ದು, ಜವಾನ ತಂದಿಟ್ಟ ಚಹಾ ಆರುವುದರೊಳಗೆ ಮುಗಿಯಿತು. ಇಷ್ಟಕ್ಕೆ.

ನನ್ನ ಅವಧಿ ಮುಗಿದ ಮೇಲೆ ಮನೆಯ ಹಾಸಿಗೆಗಳನ್ನು ಬಿಚ್ಚಿ ಹೊಲಿಸಬೇಕಿತ್ತು. ಮಾಬೂಬಿಗೆ ಫೋನ್ ಮಾಡಿದೆ. ಮೊದಲೆಲ್ಲ ಅವಳು ದಾವಣಗೆರೆಯ ಮನೆಮನೆಗೆ ಬಂದು ಅಂಗಳದಲ್ಲೇ ಹತ್ತಿ ಬಿಡಿಸಿ ಹೊಲಿದು ಕೊಡುತ್ತಿದ್ದಳು. ಈಗ ಹೊಳೆ ದಾಟುವುದಿಲ್ಲ, ಬೇಕಾದರೆ ಹಾಸಿಗೆಯನ್ನೇ ಇಲ್ಲಿಗೆ ತಗೊಂಡು ಬರ್ರಿ ಎಂದಳು. ಆಟೋದ ಮೇಲೆ ಹಗ್ಗ ಹಾಕಿ ಕಟ್ಟಿಸಿಕೊಂಡು ಹೋದೆ. ಮನೆ ಒಂದೇ ಕೋಣೆ, ಗುಡಿಸಿದ ನೆಲ, ಗೋಡೆಗೆ ಆನಿಸಿಟ್ಟ ಹಾಸಿಗೆಯ ಸುರುಳಿಗಳು. ರೇಷ್ಮಾ ದಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೈಕೈ ತುಂಬಿಕೊಂಡಿದ್ದಳು.

ಮಾಬೂಬಿ ನಮ್ಮ ಹಾಸಿಗೆಯ ಹೊಲಿಗೆ ಬಿಚ್ಚಿ ಹತ್ತಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಯಾರ್ರೀ ಇದನ್ನ ತುಂಬಿದ್ದು ಎಂದು ಮುಖ ಸಿಂಡರಿಸಿದಳು. ಆಮೇಲೆ, ಆ ಸಾಹೇಬ್ರುಗಳು ಇನ್ನೂ ಸಭೆ ಕೂಡ್ತಾರೇನ್ರಿ ಎಂದು ಕೇಳಿದಳು. ಕೂಡುತ್ತಾರೆ ಎಂದೆ. ಊಟ ಹಾಕ್ತಾರೇನು ಎಂದಳು. ಹಾಕುತ್ತಾರೆ, ಚೆನ್ನಾಗಿರುತ್ತದೆ ಎಂದೆ. ಹಂಗಾರ ಕೂಡ್ಲಿ ಬಿಡ್ರಿ ಎಂದು ಹತ್ತಿಗೆ ಕೈ ಹಾಕಿದಳು.

ನಾನು ರೇಷ್ಮಾಳ ಕಡೆ ತಿರುಗಿದೆ. ಸರಸ್ವತಿ ನಗರದಲ್ಲಿ ನನಗೆ ಗೊತ್ತಿರುವ ಟೀಚರಮ್ಮನ ಮನೆಯಿದೆ, ಎರಡು ಪುಟ್ಟ ಮಕ್ಕಳಿದ್ದಾರೆ, ಒಳ್ಳೆಯ ಜನ, ನೀನು ಬರುವುದಾದರೆ ನಾನು ಹೇಳುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಕೇಸು ಮುಗಿದಿದೆಯಮ್ಮ, ಇನ್ನು ಯಾರೂ ನಿನ್ನನ್ನು ಹಿಡಿಯುವುದಿಲ್ಲ, ಹೆದರಬೇಡ ಎಂದೆ.

"ಹಿಡಿಯಾದಕ್ಕ ನಾ ಹೆದರಂಗಿಲ್ರಿ ಮೇಡಂ," ಎಂದು ಅವಳು ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದಳು. "ಹಿಡಿಯಾಕ ಒಬ್ಬ ಪೊಲೀಸ್ ಸಾಕು. ಬಿಡಾಕ ಮೂರು ಜಿಲ್ಲಾ ಬೇಕಲ್ರಿ."